ಕಿರುಮೆದುಳು ಕೂಲಿಯಾಳೇ?

ನಮ್ಮ ಶಾಲೆಗಳ ವಿಜ್ಞಾನ ಪಾಠದಲ್ಲಿ ತಲೆಮಾರಿನಿಂದ ತಲೆಮಾರಿಗೆ ದಾಟಿ ಬಂದಿರುವ ಮಾತೊಂದಿದೆ: ಮಹಾಮಸ್ತಿಷ್ಕ ಆಲೋಚಿಸುತ್ತದೆ, ಅನುಮಸ್ತಿಷ್ಕ ದೇಹದ ಸಮತೋಲವನ್ನು ಕಾಪಾಡುತ್ತದೆ. ಒಂದು ಅಂಕದ ಪ್ರಶ್ನೆ, ಒಂದು ಸಾಲಿನ ಉತ್ತರ. ಬರೆದ ಹುಡುಗನಿಗೂ ತೃಪ್ತಿ, ತಿದ್ದಿದ ಉಪಾಧ್ಯಾಯರಿಗೂ ತೃಪ್ತಿ. ಈ ಉತ್ತರ ಪೂರ್ತಿ ಸುಳ್ಳಾಗಿದ್ದರೆ ಯಾರಾದರೂ ಎಂದೋ ಕಿತ್ತು ಹಾಕುತ್ತಿದ್ದರು. ಅರ್ಧ ನಿಜವಾದ್ದರಿಂದ ಬೇರುಬಿಟ್ಟು ಕುಳಿತಿದೆ.

ಆ ವಾಕ್ಯದ ಹಿಂದೆ ಒಂದು ಮನೆಯ ಚಿತ್ರವಿದೆ ಎಂಬುದು ನನ್ನ ಸಂಶಯ. ಮಹಡಿಯ ಮೇಲೆ ಯಜಮಾನ ಕುಳಿತು ಯೋಚಿಸುತ್ತಾನೆ. ಹಿತ್ತಿಲಲ್ಲಿ ಆಳು ನಿಂತು ಹೊರೆ ಹೊರುತ್ತಾನೆ. ತಲೆಬುರುಡೆಯ ಹಿಂಭಾಗದಲ್ಲಿ, ದೊಡ್ಡ ಮೆದುಳಿನ ಅಡಿಯಲ್ಲಿ, ಕುತ್ತಿಗೆಯ ಮೇಲ್ಗಡೆ ಮುದುಡಿಕೊಂಡಿರುವ ಈ ಅಂಗಕ್ಕೆ ಹಿತ್ತಿಲ ಆಳಿನ ಪಾತ್ರ ಸುಲಭವಾಗಿ ಒಗ್ಗಿತು. ವಿಚಾರ ಮೇಲು, ಕೆಲಸ ಕೀಳು; ತಲೆ ಮೇಲು, ಕೈ ಕೀಳು ಎಂದು ಸಾವಿರಾರು ವರ್ಷ ಬಡಬಡಿಸಿದ ಸಮಾಜಗಳಿಗೆ ತಲೆಯೊಳಗೂ ಅದೇ ಜಾತಿಪದ್ಧತಿ ಕಂಡಿತೆಂದರೆ ಆಶ್ಚರ್ಯವೇನು? ಈ ಚಿತ್ರ ತಪ್ಪು, ಕಳೆದ ನಲವತ್ತು ವರ್ಷಗಳ ಸಂಶೋಧನೆ ಅದನ್ನು ತಪ್ಪೆಂದು ತೋರಿಸಿದೆ, ಅದನ್ನು ನಾವಿನ್ನೂ ಹಿಡಿದುಕೊಂಡಿರುವುದರಿಂದ ರೋಗಿಗಳಿಗೆ ಅನ್ಯಾಯವಾಗುತ್ತಿದೆ ಎಂಬುದು ನನ್ನ ವಾದ.

ಕನ್ನಡ ಪಾಠ ಹೇಳುವವನಿಗೆ ಮೆದುಳಿನ ಗೊಡವೆ ಏಕೆ ಎಂದು ಕೇಳುವವರು ಕೇಳಲಿ. ಹೆಸರಿಟ್ಟವರು ಭಾಷೆಯವರೇ ಅಲ್ಲವೆ? ಲ್ಯಾಟಿನ್ನಿನಲ್ಲಿ ಅದು 'ಪುಟ್ಟ ಮೆದುಳು'. ನಾವು ಕೆಲವೊಮ್ಮೆ ಕಿರುಮೆದುಳು ಎಂದೆವು, ಕೆಲವೊಮ್ಮೆ ಅನುಮಸ್ತಿಷ್ಕ ಎಂದೆವು. ಸಂಸ್ಕೃತದ 'ಅನು' ಉಪಸರ್ಗ ಅನುಜ, ಅನುಚರ, ಅನುಯಾಯಿಗಳ ಸಾಲಿನದು. ಹಿಂದೆ ಹಿಂದೆ ಬರುವವನು, ಹೇಳಿದ್ದು ಕೇಳುವವನು. ಆದರೆ ಅಚ್ಚಗನ್ನಡದಲ್ಲಿಯೂ ಒಂದು 'ಅನು' ಉಂಟು. ಅನುವಾಗು, ಅನುಗೊಳಿಸು ಎನ್ನುವಾಗಿನ ಅನು. ಸಿದ್ಧತೆ, ಒಪ್ಪ, ತಕ್ಕಂತೆ ಹೊಂದಿಸುವುದು ಎಂದು ಅದರ ಅರ್ಥ. ಹೆಸರಿಟ್ಟವರ ಮನಸ್ಸಿನಲ್ಲಿ ಇದು ಇರಲಿಲ್ಲ, ಬಲ್ಲೆ. ಆದರೂ ಈ ಅಂಗದ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಮಾತು ನಮ್ಮಲ್ಲಿಲ್ಲ.

ಮೊದಲು ಗಾತ್ರದ ವಿಚಾರ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಸಾರ್ವಜನಿಕರಿಗಾಗಿ ತೆರೆದ ಮೆದುಳಿನ ವಸ್ತುಸಂಗ್ರಹಾಲಯವಿದೆ, ನೋಡದವರು ನೋಡಬೇಕು. ಸೀಳಿದ ಕಿರುಮೆದುಳಿನ ಒಳಗೆ ಬಿಳಿಯ ಕೊಂಬೆಗಳು ಕವಲೊಡೆದು ಎಲೆಎಲೆಯಾಗಿ ಹರಡಿರುವುದು ಕಾಣುತ್ತದೆ. ಅಂಗರಚನಾಶಾಸ್ತ್ರಜ್ಞರು ಅದಕ್ಕೆ ಜೀವವೃಕ್ಷವೆಂದೇ ಹೆಸರಿಟ್ಟಿದ್ದಾರೆ. ತೂಕ ನೋಡಿದರೆ ಸುಮಾರು ೧೫೦ ಗ್ರಾಮು, ಇಡೀ ಮೆದುಳಿನ ಹತ್ತನೆಯ ಒಂದು ಪಾಲು. ಆದರೆ ೨೦೦೯ರಲ್ಲಿ ಬ್ರೆಜಿಲಿನ ಸುಜಾನಾ ಹರ್ಕುಲಾನೊ-ಹೌಜೆಲ್ ಮತ್ತು ಸಂಗಡಿಗರು ನರಕೋಶಗಳನ್ನು ಎಣಿಸಿ ನೋಡಿದಾಗ ಇಡೀ ಮೆದುಳಿನ ಸುಮಾರು ೮,೬೦೦ ಕೋಟಿಯಲ್ಲಿ ೬,೯೦೦ ಕೋಟಿ ಈ ಪುಟ್ಟ ಅಂಗದಲ್ಲಿಯೇ ಸಿಕ್ಕವು. ಯಜಮಾನನ ಹೊರಪದರದಲ್ಲಿ ಸಿಕ್ಕಿದ್ದು ೧,೬೦೦ ಕೋಟಿ. ಐದರಲ್ಲಿ ನಾಲ್ಕು ಪಾಲು ಕೋಶಗಳು ಹಿತ್ತಿಲಲ್ಲಿ! ಎಣಿಕೆಯೊಂದೇ ಹಿರಿಮೆಗೆ ಸಾಕ್ಷಿಯಲ್ಲ, ಒಪ್ಪುತ್ತೇನೆ. ಅವುಗಳಲ್ಲಿ ಬಹುಪಾಲು ಕಾಳಿನಂಥ ಚಿಕ್ಕ ಕೋಶಗಳು. ಇನ್ನೊಂದು ಲೆಕ್ಕ ಕೇಳಿ. ೨೦೨೦ರಲ್ಲಿ ಮಾರ್ಟಿನ್ ಸೆರೆನೊ ಮತ್ತು ಸಂಗಡಿಗರು ಕಿರುಮೆದುಳಿನ ಮಡಿಕೆಗಳನ್ನೆಲ್ಲ ಗಣಿತದಿಂದ ಬಿಡಿಸಿ ಹಾಸಿದರು. ಸುಮಾರು ಒಂದು ಮೀಟರು ಉದ್ದದ ಪಟ್ಟಿಯಾಯಿತು. ಅದರ ವಿಸ್ತೀರ್ಣ ದೊಡ್ಡ ಮೆದುಳಿನ ಹೊರಪದರದ ಶೇಕಡಾ ೭೮ರಷ್ಟು. ಕೋತಿಯಲ್ಲಿ ಅದೇ ಪ್ರಮಾಣ ಶೇಕಡಾ ೩೩. ಕೊಂಬೆಯಿಂದ ಕೊಂಬೆಗೆ ನೆಗೆಯುವುದು ಕೋತಿಯೋ ನಾವೋ? ಬರಿಯ ಸಮತೋಲವೇ ಇದರ ಕೆಲಸವಾಗಿದ್ದರೆ, ಕಚೇರಿಯ ಕುರ್ಚಿಯಲ್ಲಿ ಕುಳಿತು ಸವೆಯುವ ನಮಗೆ ಇಷ್ಟು ಅಗಲದ ಹಾಸು ಏಕೆ ಬೇಕಾಯಿತು?

ಹಳೆಯ ಅಭಿಪ್ರಾಯ ಎಲ್ಲಿಂದ ಬಂತೆಂಬುದನ್ನು ನ್ಯಾಯವಾಗಿ ನೋಡಬೇಕು. ತಲೆಯ ಉಬ್ಬುತಗ್ಗುಗಳನ್ನು ಮುಟ್ಟಿ ಗುಣ ಹೇಳುತ್ತಿದ್ದ ಗಾಲ್ ಮಹಾಶಯ ಕಿರುಮೆದುಳನ್ನು ಕಾಮವಾಸನೆಯ ನೆಲೆ ಎಂದು ಸಾರಿದ್ದ. ಫ್ರಾನ್ಸಿನ ಫ್ಲೂರಾನ್ಸ್ ಪಾರಿವಾಳಗಳಲ್ಲಿ ಅದನ್ನು ತೆಗೆದು, ಅವು ಓಲಾಡಿ ಬೀಳುವುದನ್ನು ಕಂಡು, ೧೮೨೪ರಲ್ಲಿ ಚಲನೆಗಳ ಹೊಂದಾಣಿಕೆಯೇ ಇದರ ಕೆಲಸವೆಂದ. ಗಾಲನ ಭಂಡ ಊಹೆಯ ಮುಂದೆ ಇದು ಎಷ್ಟೋ ವಾಸಿ. ಇಟಲಿಯ ಲುಚಿಯಾನಿ ನಾಯಿಗಳಲ್ಲಿ ಅದನ್ನೇ ವಿಸ್ತರಿಸಿದ. ಮುಂದೆ ಮೊದಲ ಮಹಾಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರನ್ನು ಪರೀಕ್ಷಿಸಿದ ಇಂಗ್ಲೆಂಡಿನ ವೈದ್ಯ ಗಾರ್ಡನ್ ಹೋಮ್ಸ್ ೧೯೧೭ರಲ್ಲಿ ಬರೆದ ವರದಿ ವೈದ್ಯಶಾಸ್ತ್ರದ ಒಂದು ಶಿಖರ. ಗುರಿ ಮುಟ್ಟುವಾಗ ನಡುಗುವ ಬೆರಳು, ಅಳತೆ ಮೀರುವ ಕೈ, ತಡವಾಗಿ ಹೊರಡುವ ಸ್ನಾಯು, ಎಲ್ಲವನ್ನೂ ಆತ ಕಂಡು ಅಳೆದು ಬರೆದ. ಇಂದಿಗೂ ವೈದ್ಯರು ರೋಗಿಗೆ ಮೂಗು ಮುಟ್ಟು, ಗೆರೆಯ ಮೇಲೆ ನಡೆ ಎನ್ನುವುದು ಆ ಪರಂಪರೆಯಲ್ಲಿಯೇ.

ಹೋಮ್ಸರ ಮೇಲೆ ನನಗೆ ಗೌರವವಿದೆ. ಆದರೆ ಅವರ ದೃಷ್ಟಿ ನೆಟ್ಟಿದ್ದು ಕೈಕಾಲು ಕಣ್ಣು ನಾಲಿಗೆಗಳ ಚಲನೆಯ ಮೇಲೆ. ಅವರ ಶಿಷ್ಯರ ಶಿಷ್ಯರು 'ಚಲನೆಯಲ್ಲಿ ಇಷ್ಟು ಕಂಡಿತು' ಎಂಬುದನ್ನು 'ಚಲನೆಯಷ್ಟೇ ಇದೆ' ಎಂದು ಓದಿಕೊಂಡರು. ಕಾಣದ್ದಕ್ಕೂ ನೋಡದ್ದಕ್ಕೂ ವ್ಯತ್ಯಾಸವಿಲ್ಲವೆ? ಹೋಮ್ಸರದೇ ಒಬ್ಬ ರೋಗಿ ಹೇಳಿದ ಮಾತು ಪ್ರಸಿದ್ಧವಾಗಿದೆ. ಆತನಿಗೆ ಬಲಭಾಗದ ಕಿರುಮೆದುಳಿಗೆ ಪೆಟ್ಟಾಗಿತ್ತು. ಎಡಗೈ ತಾನಾಗಿ ಕೆಲಸ ಮಾಡುತ್ತದೆ, ಬಲಗೈಯ ಒಂದೊಂದು ಚಲನೆಯನ್ನೂ ತಾನು ಯೋಚಿಸಿ ಮಾಡಬೇಕು ಎಂಬುದು ಆತನ ದೂರಿನ ಸಾರ. ಅಂದರೆ, ಆಳು ಹೋದ ಮೇಲೆ ಯಜಮಾನನೇ ಅಂಗಳಕ್ಕೆ ಇಳಿದು ಕಸ ಗುಡಿಸಬೇಕಾಯಿತು. ಮನಸ್ಸಿನ ಹೊರೆಯನ್ನು ಮನಸ್ಸಿಗೆ ಗೊತ್ತಾಗದಂತೆ ಹೊತ್ತವನನ್ನು ಮನಸ್ಸಿನ ಹೊರಗಿನವನು ಎನ್ನುವುದು ಯಾವ ತರ್ಕ?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರು ಹೆನ್ರಿಯೆಟ್ಟಾ ಲೈನರ್, ಅಲನ್ ಲೈನರ್ ಮತ್ತು ರಾಬರ್ಟ್ ಡೌ, ೧೯೮೬ರಲ್ಲಿ. ಮನುಷ್ಯನಲ್ಲಿ ಹಿಗ್ಗಿರುವ ಕಿರುಮೆದುಳಿನ ಪಾರ್ಶ್ವಭಾಗಗಳು ದೇಹದ ಕೌಶಲದಂತೆ ಮನಸ್ಸಿನ ಕೌಶಲಕ್ಕೂ ಒದಗಬಹುದಲ್ಲವೆ ಎಂದು ಕೇಳಿದರು. ಎರಡು ವರ್ಷಗಳಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಮೆದುಳಿನ ರಕ್ತಸಂಚಾರವನ್ನು ಚಿತ್ರಿಸುತ್ತಿದ್ದ ಪೀಟರ್ಸನ್ ಮತ್ತು ಸಂಗಡಿಗರಿಗೆ ಉತ್ತರದ ಒಂದು ಎಳೆ ಸಿಕ್ಕಿತು. ಆ ಪ್ರಯೋಗ ಒಂದು ವ್ಯಾಕರಣ ಪಾಠದಂತಿದೆ. ನಾಮಪದವೊಂದನ್ನು ಕೊಟ್ಟು ಅದನ್ನೇ ಹೇಳಿಸುವುದು. ಆಮೇಲೆ ಅದಕ್ಕೆ ತಕ್ಕ ಕ್ರಿಯಾಪದ ಹೇಳಿಸುವುದು. 'ಅನ್ನ' ಎಂದರೆ 'ಉಣ್ಣು' ಎನ್ನಬೇಕು. ಬರಿಯ ಉಚ್ಚಾರಣೆಯ ಚಿತ್ರವನ್ನು ಎರಡನೆಯದರಿಂದ ಕಳೆದರೆ ಉಳಿಯುವುದು ಪದ ಹುಡುಕುವ ಕೆಲಸ. ಕಳೆದ ಮೇಲೆಯೂ ಬಲ ಕಿರುಮೆದುಳಿನ ಪಾರ್ಶ್ವ ಬೆಳಗುತ್ತಿತ್ತು. ಬಲ ಕಿರುಮೆದುಳಿನ ನಂಟು ಎಡ ಮಹಾಮಸ್ತಿಷ್ಕದೊಡನೆ. ಭಾಷೆಯ ಮನೆ ಸಾಮಾನ್ಯವಾಗಿ ಅಲ್ಲಿಯೇ. ೧೯೯೪ರಲ್ಲಿ ಮಿಡಲ್‌ಟನ್ ಮತ್ತು ಸ್ಟ್ರಿಕ್ ಕೋತಿಗಳ ನರಮಾರ್ಗದಲ್ಲಿ ವೈರಸ್ಸನ್ನು ಹರಿಸಿ, ಕಿರುಮೆದುಳಿನ ಒಳಗಿನ ಗಂಟಿನಿಂದ ಮುಂದಲೆಯ ವಿಚಾರಕೇಂದ್ರದವರೆಗೆ ದಾರಿಯಿದೆಯೆಂದು ತೋರಿಸಿದರು. ದಾರಿ ಇದೆ, ಸಂಚಾರವೂ ಇದೆ. ಇನ್ನು ಊರೇ ಇಲ್ಲ ಎನ್ನುವುದು ಹೇಗೆ?

ಕೊನೆಗೆ ರೋಗಿಗಳ ಸಾಕ್ಷ್ಯ. ಬಾಸ್ಟನ್ನಿನ ಜೆರೆಮಿ ಶ್ಮಾಹ್‌ಮನ್ ಮತ್ತು ಜಾನೆಟ್ ಶರ್ಮನ್ ಕಿರುಮೆದುಳಿಗಷ್ಟೇ ರೋಗ ತಗುಲಿದ ೨೦ ಮಂದಿಯನ್ನು ಕೂಲಂಕಷವಾಗಿ ಪರೀಕ್ಷಿಸಿ ೧೯೯೮ರಲ್ಲಿ ವರದಿ ಮಾಡಿದರು. ಯೋಜಿಸುವ ಶಕ್ತಿ ಕುಂದಿದೆ. ಆಕಾರ ದಿಕ್ಕುಗಳ ಗ್ರಹಿಕೆ ಕೆಟ್ಟಿದೆ. ಮಾತಿನ ವ್ಯಾಕರಣವೂ ಏರಿಳಿತವೂ ತಪ್ಪಿವೆ. ಭಾವ ಒಮ್ಮೆ ಮರಗಟ್ಟಿದಂತೆ, ಒಮ್ಮೆ ಲಗಾಮು ಹರಿದಂತೆ. ಹೆಚ್ಚಿನ ತೊಂದರೆ ಕಂಡದ್ದು ಹಿಂದಿನ ಹಾಳೆಗೆ ಪೆಟ್ಟು ಬಿದ್ದವರಲ್ಲಿ. ಮುಂದಿನ ಹಾಳೆಗಷ್ಟೇ ಬಿದ್ದವರಲ್ಲಿ ಅಲ್ಪ. ಶ್ಮಾಹ್‌ಮನ್ನರ ವಿವರಣೆ ಸರಳ. ಕಿರುಮೆದುಳಿನ ಕೋಶಗಳ ಹೆಣಿಗೆ ಎಲ್ಲೆಡೆಯೂ ಬಹುಮಟ್ಟಿಗೆ ಒಂದೇ ನಮೂನೆ. ಆದ್ದರಿಂದ ಅದು ಕೈಕಾಲಿಗೆ ಮಾಡುವುದನ್ನೇ ವಿಚಾರಕ್ಕೂ ಮಾಡುತ್ತದೆ. ಕೈ ಅಳತೆ ಮೀರುವಂತೆ ವಿಚಾರವೂ ಅಳತೆ ಮೀರುತ್ತದೆ.

ಇದನ್ನು ಓದಿದಾಗ ನನಗೆ ತೋರಿದ್ದು, ಈ ಅಳತೆಗೆ ನಮ್ಮಲ್ಲಿ ಎಂದಿನಿಂದಲೂ ಒಂದು ಮಾತಿದೆಯಲ್ಲ ಎಂದು. ಹದ. ಪಾಕದ ಹದ, ಮಣ್ಣಿನ ಹದ, ಮಾತಿನ ಹದ. ನಮ್ಮ ಅಜ್ಜಿಯರಿಗೆ ಪಾಕಕ್ಕೊಂದು ಮಾತಿಗೊಂದು ಬೇರೆ ಪದ ಬೇಕಾಗಲಿಲ್ಲ. ಹದಗೆಟ್ಟಿತು ಎಂದರೆ ರಸ್ತೆಯೂ ಆಗಬಹುದು, ಆರೋಗ್ಯವೂ ಆಗಬಹುದು, ಸಂಬಂಧವೂ ಆಗಬಹುದು. ಡೇವಿಡ್ ಮಾರ್ ೧೯೬೯ರಲ್ಲಿ, ಜೇಮ್ಸ್ ಆಲ್ಬಸ್ ೧೯೭೧ರಲ್ಲಿ, ಆಮೇಲೆ ಜಪಾನಿನ ಮಸಾವೊ ಇಟೊ ಕಟ್ಟಿದ ಸಿದ್ಧಾಂತ ಹೇಳುವುದೂ ಹದಗೊಳಿಸುವ ಕಥೆಯನ್ನೇ. ೧೮೩೭ರಲ್ಲಿ ಪುರ್ಕಿನ್ಯೆ ವರ್ಣಿಸಿದ ದೊಡ್ಡ ಕೋಶಗಳಿವೆಯಷ್ಟೆ. ಒಂದೊಂದಕ್ಕೂ ಲಕ್ಷಕ್ಕೂ ಹೆಚ್ಚು ಸಣ್ಣ ತಂತುಗಳು ಸುದ್ದಿ ತರುತ್ತವೆ, ಜೊತೆಗೆ ಬಳ್ಳಿಯಂತೆ ಹಬ್ಬುವ ಒಂದೇ ಒಂದು ತಂತು 'ತಪ್ಪಿತು' ಎಂದು ಎಚ್ಚರಿಸುತ್ತದೆ. ತಪ್ಪಿದ್ದನ್ನು ತಿದ್ದಿಕೊಂಡು ಮುಂದಿನ ಸಲಕ್ಕೆ ಮೊದಲೇ ಅನುವಾಗುವುದು. ಸಂಗೀತದ ಪಾಠಕ್ಕೂ ಸೈಕಲ್ಲಿಗೂ ಸಂಭಾಷಣೆಗೂ ಇದು ಬೇಕು.

ಮಾತಿನ ಬಗ್ಗೆ ಒಂದು ಉಪಕಥೆ. ಕಿರುಮೆದುಳು ಕೆಟ್ಟವರ ನುಡಿ ಒಂದೊಂದು ಅಕ್ಷರವೂ ಬೇರೆ ಬೇರೆಯಾಗಿ ಒಂದೇ ಒತ್ತಿನಲ್ಲಿ ಹೊರಡುತ್ತದೆ. ಫ್ರಾನ್ಸಿನ ಶಾರ್ಕೊ ಇದನ್ನು ವರ್ಣಿಸಿದಾಗ ವೈದ್ಯರು ಅದಕ್ಕೆ ಪದ್ಯಕ್ಕೆ ಪ್ರಸ್ತಾರ ಹಾಕಿದಂಥ ಮಾತು ಎಂಬರ್ಥದ ಹೆಸರನ್ನೇ ಕೊಟ್ಟರು. ವರ್ಷವರ್ಷವೂ ಹುಡುಗರಿಂದ ಕಂದಪದ್ಯಕ್ಕೆ ಪ್ರಸ್ತಾರ ಹಾಕಿಸುವ ನನಗೆ ಆ ಹೋಲಿಕೆ ಚುಚ್ಚುತ್ತದೆ. ಮಾತ್ರೆ ಲೆಕ್ಕವೆಲ್ಲ ಸರಿಯಿದ್ದೂ ಪದ್ಯ ಸತ್ತಿರಬಹುದು. ಲೆಕ್ಕವನ್ನು ಹಿಂದೆ ಸರಿಸಿ ಓದುವ ಗಮಕಿಯ ಬಾಯಲ್ಲಿ ಮಾತ್ರ ಅದು ಎದ್ದು ನಿಲ್ಲುತ್ತದೆ.

ಇನ್ನು ಆಕ್ಷೇಪಗಳು. ಲಂಡನ್ನಿನ ಮಿಚೆಲ್ ಗ್ಲಿಕ್‌ಸ್ಟೈನ್ ಸಣ್ಣ ವಿದ್ವಾಂಸರಲ್ಲ. ಚಲನೆಯ ಕೌಶಲ ಹೌದು, ಬುದ್ಧಿಯ ಕೆಲಸ ಅಲ್ಲ ಎಂದು ಅವರು ೧೯೯೩ರಲ್ಲಿಯೇ ವಾದಿಸಿದರು. ಪರೀಕ್ಷೆಯ ವೇಳೆ ಕಣ್ಣು ಹೊರಳುತ್ತದೆ, ನಾಲಿಗೆ ಒಳಗೊಳಗೇ ಮಿಡಿಯುತ್ತದೆ, ಬೆಳಗುವುದು ಅದೇ ಎಂಬುದು ಈ ಪಕ್ಷದ ಬಲ. ಒಳ್ಳೆಯ ಆಕ್ಷೇಪ, ಪ್ರಯೋಗ ಮಾಡುವವರನ್ನು ಎಚ್ಚರದಲ್ಲಿಟ್ಟಿತು. ಆದರೆ ಮಕ್ಕಳ ಕಥೆಗೆ ಅದು ಉತ್ತರ ಕೊಡುವುದಿಲ್ಲ. ಕಿರುಮೆದುಳಿನ ಬಳಿ ಬೆಳೆದ ಮೆಡುಲ್ಲೋಬ್ಲಾಸ್ಟೋಮಾ ಎಂಬ ಗೆಡ್ಡೆಯನ್ನು ತೆಗೆದ ಮೇಲೆ ಸುಮಾರು ನಾಲ್ವರಲ್ಲಿ ಒಂದು ಮಗು ಒಂದೆರಡು ದಿನಗಳಲ್ಲಿ ಪೂರ್ತಿ ಮೂಕವಾಗುತ್ತದೆ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಮಾತಿನೊಡನೆ ಅದರ ಸ್ವಭಾವವೂ ಮಗುಚುತ್ತದೆ. ಕಾರಣವಿಲ್ಲದೆ ಗೋಳಾಡುತ್ತದೆ, ತಾಯಿಯ ಮುಖವನ್ನೂ ನೋಡಲೊಲ್ಲದು. ಕಣ್ಣು ಹೊರಳುವುದರ ಲೆಕ್ಕದಲ್ಲಿ ಇದನ್ನು ಎಲ್ಲಿ ಜಮಾ ಮಾಡುವುದು?

ಕಿರುಮೆದುಳೇ ಇಲ್ಲದೆ ಬದುಕಿದವರಿಲ್ಲವೆ ಎಂಬುದು ಇನ್ನೊಂದು. ಇದ್ದಾರೆ. ಚೀನಾದಲ್ಲಿ ೨೪ ವರ್ಷದ ಹೆಣ್ಣುಮಗಳೊಬ್ಬಳಿಗೆ ಅದು ಹುಟ್ಟಿನಿಂದಲೇ ಇಲ್ಲವೆಂದು ತಿಳಿದ ವರದಿ ೨೦೧೪ರಲ್ಲಿ ಬಂತು. ಆಕೆ ತಿಳಿಯುವಂತೆ ಮಾತನಾಡಿದ್ದು ಆರನೆಯ ವರ್ಷಕ್ಕೆ, ಆಧಾರವಿಲ್ಲದೆ ನಡೆದದ್ದು ಏಳಕ್ಕೆ. ಇದರಿಂದ ಕಿರುಮೆದುಳು ಮನಸ್ಸಿಗೆ ಬೇಡವೆಂದಾಗುವುದಾದರೆ ನಡಿಗೆಗೂ ಬೇಡವೆಂದಾಗಬೇಕು. ಎರಡಕ್ಕೂ ಒಂದೇ ತಕ್ಕಡಿ ಹಿಡಿಯಿರಿ ಎಂದಷ್ಟೇ ಕೇಳುತ್ತೇನೆ.

ಅತ್ತ ಕಡೆಯ ಅತಿರೇಕವನ್ನೂ ಬಿಡಲಾರೆ. ಕಿರುಮೆದುಳು ಬುದ್ಧಿಗೂ ಸೇರಿದ್ದೆಂದ ಕೂಡಲೆ ಅಂಗಡಿ ತೆರೆದವರಿದ್ದಾರೆ. ಹಲಗೆಯ ಮೇಲೆ ನಿಂತು ತೂಗಾಡಿಸಿದರೆ ಓದಲು ತೊಡಕುವ ಮಗು ಓದುತ್ತದೆಂದು ಬ್ರಿಟನ್ನಿನಲ್ಲಿ ಡೋರ್ ಎಂಬ ಪದ್ಧತಿ ದುಬಾರಿ ಶುಲ್ಕಕ್ಕೆ ಮಾರಾಟವಾಯಿತು. ಅದನ್ನು ಸಮರ್ಥಿಸಿದ ಅಧ್ಯಯನವನ್ನು ತಜ್ಞರು ಕಟುವಾಗಿ ಟೀಕಿಸಿದರು, ೨೦೦೮ರಲ್ಲಿ ಆ ಉದ್ಯಮ ಕುಸಿಯಿತು. ಸ್ವಲೀನತೆಯ ಮಕ್ಕಳ ತಂದೆತಾಯಿಗಳಂತೂ ಇಂಥವರ ಬಲೆಗೆ ಬೇಗ ಬೀಳುತ್ತಾರೆ. ಸ್ವಲೀನತೆಯಿದ್ದವರ ಮೆದುಳಿನಲ್ಲಿ ಪುರ್ಕಿನ್ಯೆ ಕೋಶಗಳು ಕಡಮೆಯಿರುವುದನ್ನು ಬೌಮನ್ ಮತ್ತು ಕೆಂಪರ್ ೧೯೮೫ರಲ್ಲಿಯೇ ಕಂಡದ್ದು ನಿಜ. ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಕಿರುಮೆದುಳಿನಲ್ಲಿ ರಕ್ತಸ್ರಾವವಾದರೆ ಮುಂದೆ ಭಾಷೆ, ಕಲಿಕೆ, ಒಡನಾಟಗಳಲ್ಲಿ ತೊಡಕು ಹೆಚ್ಚುವುದೂ ನಿಜ. ಇಷ್ಟರಿಂದ ಹಲಗೆಯ ತೂಗಾಟ ಔಷಧವಾಗುವುದಿಲ್ಲ.

ಇದೆಲ್ಲ ಪಂಡಿತರ ಜಗಳ, ನಮಗೇನು ಎನ್ನುತ್ತೀರಾ? ನನಗೆ ಗೊತ್ತಿರುವ ಮನೆಯ ಹುಡುಗನೊಬ್ಬನಿಗೆ ಹಿಂದಲೆಯ ಗೆಡ್ಡೆಯ ಶಸ್ತ್ರಚಿಕಿತ್ಸೆಯಾಯಿತು. ಆರು ತಿಂಗಳಿಗೆ ನೆಟ್ಟಗೆ ನಡೆದ. ಬಿಡುಗಡೆಯ ಕಾಗದದಲ್ಲಿ ನಡಿಗೆ ಚೆನ್ನಾಗಿದೆಯೆಂದು ಬರೆದಿತ್ತು, ಬೇರೇನೂ ಬರೆದಿರಲಿಲ್ಲ. ಕಾಲೇಜಿಗೆ ಮರಳಿದ ಹುಡುಗ ಪಾಠದ ನಡುವೆ ನಗುವನು, ತಡೆಯಿಲ್ಲದೆ ಮಾತನಾಡುವನು, ಮೊದಲು ಸೊಗಸಾಗಿ ಬರೆಯುತ್ತಿದ್ದವನಿಗೆ ಪ್ರಬಂಧದ ಮೂರು ಪ್ಯಾರಾ ಜೋಡಿಸಲು ಬಾರದು. ಕಾಲೇಜಿನವರು ಅಶಿಸ್ತು ಎಂದು ತಂದೆಗೆ ಪತ್ರ ಬರೆದರು. ಅದನ್ನು ಹಿಡಿದು ಬಂದ ಆ ಮನುಷ್ಯ, ಇವನು ಬೇಕೆಂದೇ ಹೀಗೆ ಮಾಡುತ್ತಾನೆಯೆ ಮೇಷ್ಟ್ರೇ, ಎಂದು ಕೇಳಿದರು. ಕಾಲೇಜಿನ ಹೆಸರೂ ಆಸ್ಪತ್ರೆಯ ಹೆಸರೂ ಇಲ್ಲಿ ಬೇಡ. ಆ ಒಂದು ಅಂಕದ ಉತ್ತರ ಬರೆದು ಪಾಸಾದವರೇ ಎರಡೂ ಕಡೆ ಕುಳಿತಿದ್ದರು.

ಇಂಥ ಮನೆಗಳು ಒಂದೆರಡಲ್ಲ. ಪಾರ್ಶ್ವವಾಯು, ಮದ್ಯ, ಮೂರ್ಛೆರೋಗದ ಕೆಲವು ಔಷಧಗಳ ಅತಿಬಳಕೆ, ಎಲ್ಲವೂ ಕಿರುಮೆದುಳನ್ನು ಕೆಡಿಸಬಲ್ಲವು. ಪುರ್ಕಿನ್ಯೆ ಕೋಶಗಳಿಗೆ ಶಾಖ ತಾಳದು. ರಾಯಚೂರು ಕಲಬುರಗಿಗಳ ಬಿಸಿಲಿನಲ್ಲಿ ದುಡಿಯುವವನಿಗೆ ಸೂರ್ಯಾಘಾತವಾದರೆ ಬದುಕಿ ಉಳಿದ ಮೇಲೂ ಓಲಾಟ ಉಳಿಯಬಹುದು. ವಂಶದಲ್ಲಿ ಹರಿದು ಬರುವ ಓಲಾಟದ ರೋಗಗಳೂ ಹಲವು. ಅವುಗಳಲ್ಲಿ ಒಂದು ಬಗೆ ಉತ್ತರ ಭಾರತದ ಅಗರ್ವಾಲ ಸಮುದಾಯದಲ್ಲಿ ವಿಶೇಷವಾಗಿ ಕಂಡಿದೆ. ಈ ರೋಗಿಗಳನ್ನು ಬಸ್ ನಿಲ್ದಾಣದಲ್ಲಿ ಕುಡುಕರೆಂದು ದೂಡುವುದು ಒಂದು ಅವಮಾನ. ಮನೆಯೊಳಗೆ ಅವರ ಸಿಡುಕನ್ನೂ ಮರೆವನ್ನೂ ಬರಿಯ ಕೊಬ್ಬೆಂದು ಎಣಿಸುವುದು ಇನ್ನೊಂದು.

ಪರೀಕ್ಷಿಸುವ ದಾರಿಯೇ ಇಲ್ಲವೆಂದಲ್ಲ. ೨೦೧೮ರಲ್ಲಿ ಶ್ಮಾಹ್‌ಮನ್ನರ ತಂಡ ಹತ್ತು ಅಂಶಗಳ ಚಿಕ್ಕ ಪರೀಕ್ಷೆಯೊಂದನ್ನು ಪ್ರಕಟಿಸಿತು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲೆ, ಅಂಕೆಗಳನ್ನು ಹಿಂದುಮುಂದಾಗಿ ಹೇಳು, ಘನಾಕೃತಿ ಬರೆ, ಹೀಗೆ ಹತ್ತು ನಿಮಿಷದ ಕೆಲಸ. ಕಾಗದ, ಪೆನ್ಸಿಲು, ತಾಳ್ಮೆ ಸಾಕು. ನಿಮ್ಹಾನ್ಸಿನವರು ನಮ್ಮ ದೇಶಕ್ಕೆ ಹೊಂದುವ ನರಮನೋವಿಜ್ಞಾನದ ಪರೀಕ್ಷಾಮಾಲೆಯನ್ನು ಹಿಂದೆಯೇ ಸಿದ್ಧಪಡಿಸಿದ್ದಾರೆ. ಹಿಂದಲೆಯ ಶಸ್ತ್ರಚಿಕಿತ್ಸೆಯಾದ ಪ್ರತಿಯೊಬ್ಬ ರೋಗಿಗೂ ನಡಿಗೆಯ ಪರೀಕ್ಷೆಯಷ್ಟೇ ಕಡ್ಡಾಯವಾಗಿ ಇಂಥದೊಂದು ನಡೆಯಬೇಕು. ಜಿಲ್ಲಾ ಆಸ್ಪತ್ರೆಯಲ್ಲಿಯೂ ನಡೆಯಬೇಕು, ಕನ್ನಡದಲ್ಲಿಯೇ ನಡೆಯಬೇಕು.

ಕನ್ನಡದಲ್ಲಿ ಎಂದ ಕೂಡಲೆ ಕೆಲಸ ನನ್ನಂಥವರ ಪಾಲಿಗೂ ಬರುತ್ತದೆ; ಅದಕ್ಕಾಗಿಯೇ ನನ್ನ ಸಹೋದ್ಯೋಗಿಗಳ ಮೇಲೆ ನನಗೆ ಸಿಟ್ಟು. ಆ ಪರೀಕ್ಷೆಯ ಒಂದು ಅಂಶ, ಇಂಗ್ಲಿಷಿನ 'ಎಫ್' ಅಕ್ಷರದಿಂದ ಮೊದಲಾಗುವ ಪದಗಳನ್ನು ಒಂದು ನಿಮಿಷ ಹೇಳುವುದು. ನಮ್ಮ 'ಫ'ಕಾರದಲ್ಲಿ ಫಲ, ಫಲಕ ಎಂದು ನಾಲ್ಕು ಹೇಳುವಷ್ಟರಲ್ಲಿ ನಿಘಂಟು ಮುಗಿಯುತ್ತದೆ. 'ಪ' ಕೊಡೋಣವೆ? ಹಳಗನ್ನಡದ ಪಾಲು ಪೂವುಗಳೆಲ್ಲ ಹಾಲು ಹೂವುಗಳಾಗಿ ಆ ಮನೆ ಎಷ್ಟೋ ಬರಿದಾಗಿದೆ. 'ಹ' ಕೊಟ್ಟರೆ ಪದಗಳು ಧಾರಾಳ. ಆದರೆ ಮಂಡ್ಯದ ಕಡೆಯ ರೈತನಿಗೆ ಹಾಲು 'ಆಲು', ಹೂವು 'ಊವು'. 'ಕ' ಎಂದರೆ ಕಾ, ಕಿ, ಕೊ ಸೇರುತ್ತವೆಯೆ? ಕ್ಷಮೆ ಸೇರುತ್ತದೆಯೆ? ಇಂಗ್ಲಿಷಿನ ಅಕ್ಷರವೇ ಬೇರೆ, ನಮ್ಮ ಅಕ್ಷರವೇ ಬೇರೆ. ಇದನ್ನು ನಿರ್ಧರಿಸಲು ವೈದ್ಯನಿಗೆ ಧ್ವನಿವ್ಯತ್ಯಾಸಗಳನ್ನು ಬಲ್ಲ ಕನ್ನಡ ವಿದ್ವಾಂಸ ಪಕ್ಕದಲ್ಲಿ ಬೇಕು. ನಮ್ಮ ಕನ್ನಡ ವಿಭಾಗಗಳಲ್ಲಿ ಪಕಾರ ಹಕಾರವಾದ ಕಾಲವನ್ನು ಕುರಿತು ಗಂಟೆಗಟ್ಟಲೆ ಪಾಠ ಹೇಳುವವರಿದ್ದಾರೆ. ಅವರಲ್ಲಿ ಒಬ್ಬರಾದರೂ ವಾರಕ್ಕೊಂದು ಮಧ್ಯಾಹ್ನ ನರರೋಗದ ವಾರ್ಡಿಗೆ ಹೋಗಿ ಕುಳಿತು, ಮಂಡ್ಯದ ರೋಗಿ 'ಆಲು' ಎಂದಾಗ ಅಂಕ ಕೊಡಬೇಕೋ ಬಾರದೋ ಎಂದು ಆ ಯುವ ವೈದ್ಯನಿಗೆ ಹೇಳಬಾರದೆ?